ನೀಲಗಂಗವ್ವ ಮುಂಬಯಿಗೆ ಬರೆಸಿದ ಉತ್ತರ

ಬ್ಯಾಡಗಿಯ ನೀಲಗಂಗವ್ವನ ಬಗ್ಗೆ ಬರೆಯಿರಿ ಎಂದು ಕೇಳುವವರಿಗೆಲ್ಲ ಒಂದು ದೇವಿಯ ಕತೆ ಬೇಕಾಗಿರುತ್ತದೆ. ಚಳವಳಿಯ ಹುಡುಗರಿಗೆ ಅನ್ನ ಹಾಕಿದ ತಾಯಿ, ಕಣ್ಣಲ್ಲಿ ಕರುಣೆ, ಕೈಯಲ್ಲಿ ಚರಕ. ಆಕೆ ನಮಗೆ ಅನ್ನ ಹಾಕಿದ್ದು ಖರೆ. ಹಾಕುವ ಮುಂಚೆ ನಮ್ಮಿಂದ ಮೆಣಸಿನಕಾಯಿ ಚೀಲ ಹೊರಿಸಿದ್ದೂ ಖರೆ. ಸಾವಿರದೊಂಬೈನೂರ ಮೂವತ್ತೆರಡರಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಆಕೆಯ ಗೋದಾಮಿನಲ್ಲಿ ಕರಪತ್ರದ ಗಂಟು ಬಚ್ಚಿಡಲು ಹೋದಾಗ, ಇಡಿ, ಆದರೆ ಆ ಮೂಲೆಯ ಚೀಲಗಳನ್ನು ಈ ಮೂಲೆಗೆ ಒಟ್ಟಿ ಹೋಗಿ ಎಂದಳು. ಒಟ್ಟಿದೆವು. ಸಂಜೆಯವರೆಗೆ ಸೀನಿದೆವು. ಲಾಠಿ ತಿಂದ ಬೆನ್ನಿಗೆ ಆ ಚೀಲಗಳು ಲಾಠಿಗಿಂತ ಹೆಚ್ಚು ಬುದ್ಧಿ ಕಲಿಸಿದವು. ಇನ್ನು ಚರಕವನ್ನು ಆಕೆ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ನಾನು ಹೇಳಬೇಕೆಂದಿರುವುದು ಆಕೆ ಮುಂಬಯಿಯ ಒಂದು ಕಂಪನಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಸಿದ ಸಂಗತಿ. ಮೂವತ್ತೆಂಟರ ಮೆಣಸಿನಕಾಯಿ ಸುಗ್ಗಿ ಅದು. ಒಂದು ವಾಕ್ಯ ಬರೆಯಲು ನಾಲ್ಕು ಜನ ಒಂದು ಹಗಲು ಕಳೆದೆವು. ಇಂದು ನೆನೆದರೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೆ.

ನೀಲಗಂಗವ್ವನ ಗಂಡ ಪ್ರಭುಲಿಂಗಪ್ಪನದು ದಲಾಲಿ ಅಂಗಡಿ. ಸುತ್ತಲಿನ ಹಳ್ಳಿಯ ರೈತರು ಗಾಡಿ ಕಟ್ಟಿಕೊಂಡು ತಂದ ಮೆಣಸಿನಕಾಯಿಯನ್ನು ಅಂಗಡಿಯ ಮುಂದೆ ರಾಶಿ ಹಾಕುವುದು, ಹೊರಗಿನ ಖರೀದಿದಾರರಿಗೆ ಮಾರಿಸಿಕೊಡುವುದು, ತನ್ನ ದಲಾಲಿ ಇಟ್ಟುಕೊಂಡು ಉಳಿದದ್ದನ್ನು ರೈತನ ಕೈಗೆ ಕೊಡುವುದು. ಅವನು ವಿಷಮಜ್ವರ ಬಂದು ತೀರಿಕೊಂಡಾಗ ಅಂಗಡಿ ಮುಚ್ಚುತ್ತದೆ ಎಂದು ಊರು ಲೆಕ್ಕ ಹಾಕಿತ್ತು. ನೀಲಗಂಗವ್ವ ಹದಿನಾರು ದಿನದ ಕಾರ್ಯ ಮುಗಿಯುತ್ತಲೇ ಗಾದಿಯ ಮೇಲೆ ಹೋಗಿ ಕೂತಳು. ಮಕ್ಕಳಿಲ್ಲ. ಓದು ಬರಹ ತವರಿನಲ್ಲೇ ಆಗಿತ್ತು. ಮೆಣಸಿನಕಾಯಿಯನ್ನು ಮುರಿದು ಮೂಗಿನ ಹತ್ತಿರ ಹಿಡಿದಳೆಂದರೆ ಯಾವ ಹೊಲದ ನೆಲ ಎಂದು ಹೇಳುವಳು ಎಂಬ ಮಾತಿತ್ತು. ಅದು ಸುಳ್ಳು. ಆಕೆ ಮೊದಲು ಗಾಡಿಯ ಎತ್ತು ನೋಡಿ ಇಟ್ಟುಕೊಳ್ಳುತ್ತಿದ್ದಳು. ಯಾರ ಎತ್ತು ಎಂದು ಗೊತ್ತಿದ್ದರೆ ಯಾರ ಹೊಲ ಎಂದು ಹೇಳುವುದೇನು ಕಷ್ಟ?

ಎಲ್ಲ ಮಾಡಬಲ್ಲವಳಿಗೆ ಒಂದು ಕೆಲಸ ಮಾತ್ರ ದಕ್ಕಿರಲಿಲ್ಲ. ಆ ಕೆಲಸವೇ ವ್ಯಾಪಾರ.

ಆಗಿನ ಬ್ಯಾಡಗಿ ಪೇಟೆಯಲ್ಲಿ ದರವನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ರಾಶಿಯ ಪಕ್ಕದಲ್ಲಿ ಎದುರುಬದುರು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕೈ ಕೈ ಹಿಡಿದು ಮೇಲೆ ಹೆಗಲ ವಲ್ಲಿ ಮುಚ್ಚುತ್ತಿದ್ದರು. ಆ ಬಟ್ಟೆಯ ಕೆಳಗೆ ಬೆರಳು ಹಿಡಿದು, ಮಡಚಿ, ಒತ್ತಿ ದರ ಆಗುತ್ತಿತ್ತು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯಬಾರದು. ರಾಶಿಯ ಒಡೆಯ ರೈತ ಮೂರು ಮಾರು ದೂರದಲ್ಲಿ ಬೀಡಿ ಸೇದುತ್ತ ಆಕಾಶ ನೋಡುತ್ತ ನಿಂತಿರಬೇಕು. ಹೆಂಗಸು, ಅದರಲ್ಲೂ ಗಂಡ ಸತ್ತವಳು, ಪರಗಂಡಸಿನ ಕೈ ಹಿಡಿದು ಮೇಲೆ ಬಟ್ಟೆ ಮುಚ್ಚಿಕೊಳ್ಳುವುದುಂಟೆ? ಹಾಗಾಗಿ ನೀಲಗಂಗವ್ವನ ಬದಲು ಆಕೆಯ ಮೈದುನ ಶಂಕ್ರಪ್ಪ ಕೈ ಹಾಕುತ್ತಿದ್ದ. ಮುಗಿದ ಮೇಲೆ ಎದ್ದು ಬಂದು ಇಷ್ಟಕ್ಕೆ ಆಯಿತು ಎನ್ನುತ್ತಿದ್ದ. ಅಷ್ಟೇ ಎಂದು ಆಕೆ ನಂಬಬೇಕು. ಶಂಕ್ರಪ್ಪ ಕಳ್ಳನೆಂದು ನಾನು ಹೇಳುತ್ತಿಲ್ಲ. ಅವನ ಕಳ್ಳತನಕ್ಕೆ ಸಾಕ್ಷಿ ಇಲ್ಲ, ಪ್ರಾಮಾಣಿಕತನಕ್ಕೂ ಇಲ್ಲ. ಎರಡೂ ಬಟ್ಟೆಯ ಕೆಳಗೇ ಇದ್ದವು. ಆದರೆ ಅಂಗಡಿ ನಡೆಯುವುದು ತನ್ನ ಬೆರಳಿನಿಂದ ಎಂಬ ಸೊಕ್ಕು ಅವನಿಗಿತ್ತು, ಮತ್ತು ಅದು ನಿಜವೂ ಆಗಿತ್ತು. ಅವನು ಕೋಪಿಸಿಕೊಂಡು ಅತ್ತೆಯ ಊರಿಗೆ ಹೋದರೆ ಅಂಗಡಿಯಲ್ಲಿ ಒಂದು ಚೀಲ ಅಲುಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮುಂಬಯಿಯ ಮಸಾಲೆ ಕಂಪನಿಯೊಂದರಿಂದ ಅಂಗಡಿಯ ಹೆಸರಿಗೆ ಇಂಗ್ಲಿಷ್ ಕಾಗದ ಬಂತು. ಸ್ಟೇಶನ್ ಮಾಸ್ತರರು ಓದಿ ಅರ್ಥ ಹೇಳಿದರು. ಬ್ಯಾಡಗಿಯಲ್ಲಿ ತಮ್ಮ ಪರವಾಗಿ ಮೆಣಸಿನಕಾಯಿ ಕೊಂಡು ಕಳಿಸಲು ಒಂದು ಅಂಗಡಿ ಬೇಕಾಗಿದೆ, ನಿಮ್ಮದರ ಹೆಸರು ಕೇಳಿದ್ದೇವೆ, ಇಂಥದೊಂದು ಅವಕಾಶದ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಅದರಲ್ಲಿತ್ತು. ದರ ಗೊತ್ತು ಮಾಡುವುದೆಲ್ಲ ಕಾಗದದಲ್ಲಿ, ಅವಸರವಿದ್ದರೆ ತಂತಿಯಲ್ಲಿ.

ಕಾಗದದಲ್ಲಿ ಎಂಬ ಮಾತು ಕೇಳಿದಾಗ ನೀಲಗಂಗವ್ವ ಇನ್ನೊಮ್ಮೆ ಓದಿಸಿದಳಂತೆ. ಕಾಗದಕ್ಕೆ ವಲ್ಲಿ ಮುಚ್ಚುವ ರೂಢಿ ಇಲ್ಲ. ಕಾಗದದಲ್ಲಿ ವ್ಯಾಪಾರ ನಡೆಯುವುದಾದರೆ ಆಕೆಯೇ ಮಾಡಬಹುದು, ತನ್ನ ಅಂಗಡಿಯ ದರ ತಾನೇ ಆಡಬಹುದು. ಹಾಗೆಂದು ಕುಣಿಯುವ ಹೆಂಗಸಲ್ಲ. ಮುಂಬಯಿಯವನು ಮೂರು ಮಾತನ್ನು ನುಂಗಿದ್ದಾನೆ ಎಂದು ಆಕೆಗೆ ಕೂಡಲೇ ಹೊಳೆಯಿತು. ದರ ಗೊತ್ತಾಗುವುದು ನಾವು ಖರೀದಿ ಮಾಡುವ ಮೊದಲೋ ಆಮೇಲೋ? ಬೇರೆಯವರಿಗೂ ಮಾರಲು ನಮಗೆ ಬಿಡುತ್ತಾರೋ ಇಲ್ಲವೋ? ರೈಲಿನಲ್ಲಿ ಮಾಲು ತೊಯ್ದು ಬೂಸ್ಟು ಹಿಡಿದರೆ ಹಾನಿ ಯಾರದು? ಇವಕ್ಕೆ ಉತ್ತರ ಸರಿಯಾಗಿ ಬಂದರೆ ಅಂಗಡಿ ಆಕೆಯ ಕೈಗೆ ಬರುತ್ತದೆ. ತಪ್ಪಾಗಿ ಒಪ್ಪಿಕೊಂಡರೆ ಅಂಗಡಿಯೇ ಹೋಗುತ್ತದೆ. ಆದ್ದರಿಂದ ಹೌದು ಎನ್ನಬಾರದು, ಇಲ್ಲ ಎಂದೂ ಅನ್ನಬಾರದು. ನಿಮ್ಮ ಮಾತನ್ನು ತೂಗಿ ನೋಡುತ್ತಿದ್ದೇವೆ, ಇವಿಷ್ಟನ್ನು ತಿಳಿಸಿ, ಆಮೇಲೆ ಹೇಳುತ್ತೇವೆ ಎಂದು ಬರೆಯಬೇಕು. ಸರಳ ಮಾತು. ಕನ್ನಡದಲ್ಲಾದರೆ ಆಕೆಯೇ ಬರೆದು ಅಂಚೆಗೆ ಹಾಕುತ್ತಿದ್ದಳು.

ಇಂಗ್ಲಿಷ್ ಬರೆಯಲು ಆಗ ನಮ್ಮ ಕಡೆ ಇದ್ದವರು ರಾಣೇಬೆನ್ನೂರಿನ ವಿರೂಪಾಕ್ಷರಾಯರು. ಅಲ್ಲಿನ ತಾಲೂಕು ಕಚೇರಿಯ ಮುಂದಿನ ಬೇವಿನ ಮರದ ಬುಡದಲ್ಲಿ ಡೆಸ್ಕು ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದರು. ಕಂದಾಯ ಮಾಫಿ, ಬಂದೂಕಿನ ಪರವಾನಗಿ, ಹೊಲದ ಹಾದಿಯ ತಕರಾರು, ಏನೇ ಇರಲಿ, ರಾಯರ ಅಕ್ಷರ ಮುತ್ತಿನ ಹಾಗೆ. ಬ್ಯಾಡಗಿಯ ಪೇಟೆಯ ದಿನ ರೈಲಿನಲ್ಲಿ ಬಂದು ಅಂಗಡಿಗಳವರ ಕಾಗದವನ್ನೂ ಬರೆದುಕೊಡುತ್ತಿದ್ದರು. ನೀಲಗಂಗವ್ವ ವಿಷಯ ಹೇಳಿದಳು. ರಾಯರು ಕಣ್ಣು ಮುಚ್ಚಿ ಕೇಳಿ, ಹಾಳೆ ತುಂಬ ಬರೆದು, ಘನವಾಗಿ ಓದಿ, ಅಂಚೆಗೆ ಹಾಕಿದರು. ಕನ್ನಡದಲ್ಲಿ ಏನರ್ಥ ಎಂದು ಆಕೆ ಕೇಳಿದ್ದಕ್ಕೆ, ನೀವು ಹೇಳಿದ್ದೇ ಇದರಲ್ಲಿದೆ, ಇಂಗ್ಲಿಷಿಗೆ ಬೇಕಾದ ಮರ್ಯಾದೆ ಸೇರಿಸಿದ್ದೇನೆ ಎಂದರು.

ಆ ಮರ್ಯಾದೆ ಎಂಥದಿತ್ತು ಎಂಬುದು ಮುಂಬಯಿಯ ಮರುಕಾಗದದಲ್ಲಿ ಕಂಡಿತು. ನಮ್ಮ ಕೆಲಸಕ್ಕಾಗಿ ನೀವು ಇಷ್ಟು ಹಾತೊರೆಯುತ್ತಿರುವುದು ಸಂತೋಷ, ನಿಮ್ಮ ಸಂಕಟ ತಿಳಿಯಿತು, ಆದ್ದರಿಂದ ರೂಢಿಯ ದಲಾಲಿಯ ಅರ್ಧಕ್ಕೆ ನಿಮಗೇ ಈ ಕೆಲಸ ಕೊಡಲು ಮನಸ್ಸು ಮಾಡಿದ್ದೇವೆ, ಗೋದಾಮನ್ನು ನಮಗಾಗಿ ಖಾಲಿ ಮಾಡಿ ಇಡಿ ಎಂದು ಬರೆದಿದ್ದರು. ಮೂರು ಪ್ರಶ್ನೆಗಳಿಗೆ ಒಂದು ಅಕ್ಷರದ ಉತ್ತರ ಇರಲಿಲ್ಲ.

ಆ ಕಾಗದ ಬಂದ ಮೇಲಿನ ಪೇಟೆಯ ದಿನ ನಾನು ಎಂದಿನಂತೆ ಮಾರುವ ಖಾದಿ ಗಂಟು ಹೊತ್ತು ಹಾವೇರಿಯಿಂದ ಬ್ಯಾಡಗಿ ಸ್ಟೇಶನ್ನಿನಲ್ಲಿ ಇಳಿದಿದ್ದೆ. ನೀಲಗಂಗವ್ವನ ಅಂಗಡಿಯ ಹಮಾಲರ ಮೇಸ್ತ್ರಿ ಕಾಸೀಮಸಾಬ ಅಲ್ಲೇ ಕಾದು ನಿಂತಿದ್ದ. ಅವ್ವಾರು ಕರೀತಾರ ಎಂದು ನನ್ನ ಗಂಟನ್ನು ಕಸಿದು ತನ್ನ ತಲೆಯ ಮೇಲಿಟ್ಟುಕೊಂಡು ನಡೆದೇ ಬಿಟ್ಟ. ಗಂಟು ಹೋದ ದಾರಿಯಲ್ಲಿ ನಾನೂ ಹೋದೆ. ಯೆರವಡಾ ಜೈಲಿನಲ್ಲಿ ನನ್ನ ಬರಾಕಿನಲ್ಲಿದ್ದ ಗಿರಣಿ ಗುಮಾಸ್ತನೊಬ್ಬನಿಂದ ನಾನು ಒಂದಿಷ್ಟು ಇಂಗ್ಲಿಷ್ ಕಲಿತಿದ್ದೆ. ಅದನ್ನು ಯಾರ ಮುಂದೋ ಬಡಾಯಿ ಕೊಚ್ಚಿಕೊಂಡಿದ್ದೆ. ಬಡಾಯಿಯ ಫಲ ಅಂದು ಉಣ್ಣಬೇಕಾಯಿತು.

ಅಂಗಡಿಯಲ್ಲಿ ವಿರೂಪಾಕ್ಷರಾಯರು ಗೋಡೆಗೆ ಒರಗಿ ಕೂತಿದ್ದರು. ಮೂಗಿಗೆ ಧೋತರದ ಚುಂಗು. ಶಂಕ್ರಪ್ಪ ಹೊಸ್ತಿಲ ಹತ್ತಿರ ಅಡಿಕೆ ಕತ್ತರಿಸುತ್ತಿದ್ದ. ನೀಲಗಂಗವ್ವ ಪೀಠಿಕೆ ಹಾಕಲಿಲ್ಲ.

“ಬರ್ರಿ ಖಾದಿಯಪ್ಪ, ಕುಂದ್ರಿ. ಈ ರಾಯರು ಮುಂಬೈಗೆ ಏನು ಬರದಾರ ನೋಡ್ರಿ. ನನಗ ಕನ್ನಡದಾಗ ಬೇಕು, ಒಂದು ಅಕ್ಷರ ಬಿಡಬ್ಯಾಡ್ರಿ.”

ರಾಯರು ತಮ್ಮ ಕಾಗದದ ನಕಲನ್ನು ಕೊಟ್ಟರು. ಓದಿದೆ. ‘ದಿ ಹಂಬಲ್ ಪೆಟಿಶನ್ ಆಫ್’ ಎಂದು ಶುರು. ದೀನಳ ವಿನಂತಿ. ತಾವು ದಯಪಾಲಿಸಿದ ಸುವರ್ಣಾವಕಾಶವನ್ನು ತಲೆಯ ಮೇಲಿಟ್ಟುಕೊಂಡು, ಗಂಡನಿಲ್ಲದ ಅನಾಥೆಯಾದ ನಾನು, ಸನ್ನಿಧಾನದ ಪಾದಗಳಲ್ಲಿ ಮೂರು ಸಂಶಯಗಳನ್ನು ನಿವೇದಿಸಲು ಅಪ್ಪಣೆ ಬೇಡುತ್ತೇನೆ. ಅಪ್ಪಣೆ ಬೇಡಿದ್ದಷ್ಟೇ. ಸಂಶಯಗಳನ್ನು ಬರೆದೇ ಇರಲಿಲ್ಲ. ಕೊನೆಗೆ ‘ಶಲ್ ಎವರ್ ಪ್ರೇ’. ಈ ಉಪಕಾರಕ್ಕಾಗಿ ಜೀವಮಾನವಿಡೀ ನಿಮಗಾಗಿ ದೇವರಲ್ಲಿ ಬೇಡುತ್ತಿರುತ್ತೇನೆ.

ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ನೀಲಗಂಗವ್ವನ ಮುಖ ಮೆಣಸಿನಕಾಯಿ ಬಣ್ಣಕ್ಕೆ ಬಂತು. ಆಕೆ ಬಯ್ಯಲು ಬಾಯಿ ತೆಗೆಯುವ ಮೊದಲೇ ನಾನು ಶುರು ಮಾಡಿದೆ. ರಾಯರೇ, ಇದು ಕಂಪನಿ, ಕಲೆಕ್ಟರನಲ್ಲ. ಅವನಿಗೆ ಮಾಲು ಬೇಕು, ಇವರಲ್ಲಿ ಮಾಲಿದೆ. ಪಾದ ಎಲ್ಲಿಂದ ಬಂತು ನಡುವೆ? ರಾಯರು ಶಾಂತವಾಗಿ, ನಾನು ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಇಂಗ್ಲಿಷ್ ಎಂದರೆ ಹೀಗೇ ಇರುವುದು ಎಂದರು. ಹೀಗಲ್ಲದೆ ಇನ್ನೊಂದು ಥರದ ಇಂಗ್ಲಿಷ್ ಇದೆ ಎಂಬುದು ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಎಲ್ಲಿ ಕಾಣಬೇಕು ಪಾಪ? ಬೇವಿನ ಮರದ ಬುಡಕ್ಕೆ ಬಂದವರೆಲ್ಲ ಬೇಡಲು ಬಂದವರು. ಆ ಮರದ ಕೆಳಗೆ ಕೂತು ನಮ್ಮ ತಾಲೂಕಿಗೆ ತಾಲೂಕೇ ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಅಡ್ಡಬಿದ್ದಿತ್ತು. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸರಕಾರದ ಮೇಲೆ ಬರಬೇಕಾದ ಸಿಟ್ಟು ಅದು, ಆದರೆ ಎದುರಿಗೆ ಕೂತವರು ರಾಯರು.

ನಾನು ಬರೀತೀನಿ ಕೊಡಿ ಎಂದು ಹಾಳೆ ಎಳೆದುಕೊಂಡೆ. ಬರೆದೆ. ನಿಮ್ಮ ಅನ್ಯಾಯದ ಷರತ್ತುಗಳಿಗೆ ನಾವು ಎಂದಿಗೂ ತಲೆಬಾಗುವುದಿಲ್ಲ, ಈ ಕೂಡಲೇ ಮೂರು ಪ್ರಶ್ನೆಗಳಿಗೆ ಉತ್ತರ ಕೊಡತಕ್ಕದ್ದು, ಇಲ್ಲವಾದರೆ ಮುಂದಿನ ಪರಿಣಾಮಕ್ಕೆ ನೀವೇ ಹೊಣೆ. ಬರೆದು ಕನ್ನಡದಲ್ಲಿ ಓದಿ ಹೇಳಿದೆ. ಕಾಸೀಮಸಾಬ ಹೊರಗಿನಿಂದ ಭಲೇ ಎಂದ. ನೀಲಗಂಗವ್ವ ಭಲೇ ಅನ್ನಲಿಲ್ಲ.

“ರಾಯರು ಬೇಡತಾರ, ನೀವು ಬೈತೀರಿ,” ಅಂದಳು. “ನಡುವ ನಿಂತು ಮಾತಾಡೂದು ಇಂಗ್ಲಿಷಿನ್ಯಾಗ ಇಲ್ಲೇನು?”

ಆ ನಡುವಿನ ಮಾತು ಹುಡುಕಲು ಇಬ್ಬರೂ ಹೊಸ ಹಾಳೆ ತೆಗೆದೆವು. ಶಬ್ದ ಶಬ್ದಕ್ಕೆ ಶುರುವಾದ ಜಗಳ ಮಧ್ಯಾಹ್ನ ದಾಟಿತು. ಅವಕಾಶ ಎಂಬುದಕ್ಕೆ ರಾಯರು ‘ಗೋಲ್ಡನ್ ಆಪರ್ಚುನಿಟಿ’ಯನ್ನೇ ಹಿಡಿದು ಕೂತರು. ಬಂಗಾರದಂಥ ಅವಕಾಶ ಎಂದರೆ ಕಂಪನಿಗೆ ಹಿತವಾಗುತ್ತದಂತೆ. ನಾವೇ ಬಂಗಾರ ಅಂದ ಮೇಲೆ ಅವರು ಬಂಗಾರದ ಬೆಲೆ ಹಚ್ಚುತ್ತಾರೆ, ಅಲ್ಲದೆ ಇದು ಅವರಿಗೂ ಅವಕಾಶವೇ ಅಲ್ಲವೆ ಎಂದಳು ನೀಲಗಂಗವ್ವ. ಹಾಗಾದರೆ ಅವಕಾಶ ಬೇಡ, ಅವರು ಒಂದು ಮಾತು ಮುಂದಿಟ್ಟಿದ್ದಾರೆ, ಅದನ್ನು ಇಂಗ್ಲಿಷಿನಲ್ಲಿ ‘ಆಫರ್’ ಅನ್ನುತ್ತಾರೆ ಎಂದೆ. ಅದು ಆಕೆಗೆ ಒಪ್ಪಿಗೆಯಾಯಿತು. ಬಡವಿ, ಅನಾಥೆ, ಗಂಡನಿಲ್ಲದವಳು ಎಂಬುದನ್ನೆಲ್ಲ ಹೊಡೆದು ಹಾಕಿಸಿದಳು. ಗಂಡ ಸತ್ತದ್ದಕ್ಕೂ ಮೆಣಸಿನಕಾಯಿಗೂ ಏನು ಸಂಬಂಧ ಎಂದು ಕೇಳಿದಳು. ಅದಿಲ್ಲದಿದ್ದರೆ ಕರುಣೆ ಹುಟ್ಟುವುದು ಹೇಗೆ ಎಂದು ರಾಯರು ಕೇಳಿದರು. ಕರುಣೆ ಕೇಳಿದ್ದಕ್ಕೇ ಅಲ್ಲವೆ ಅರ್ಧ ದಲಾಲಿ ಬಂದದ್ದು ಎಂದು ನಾನು ಕೂಗಾಡಿದೆ. ಶಂಕ್ರಪ್ಪ ಅಡಿಕೆ ಕತ್ತರಿಸುತ್ತಲೇ, ದೊಡ್ಡ ಕಂಪನಿ ತಾನಾಗಿ ಬಂದಿದೆ, ಸುಮ್ಮನೆ ಒಪ್ಪಿಕೊಂಡು ಬರೆದು ಬಿಡಿ, ಎದುರಂಗಡಿಯವರು ನುಂಗುವ ಮೊದಲು ನನ್ನ ಹೆಸರಲ್ಲಿ ಸಹಿ ಹಾಕುತ್ತೇನೆ ಎಂದ. ಅದನ್ನು ಬೆಳಗಿನಿಂದ ಆರು ಸಲವೋ ಏಳು ಸಲವೋ ಹೇಳಿದ್ದ.

ಉಳಿದದ್ದು ನಡುವಿನ ವಾಕ್ಯ. ತೂಗಿ ನೋಡುತ್ತಿದ್ದೇವೆ. ಇದು ನಮ್ಮನ್ನು ಕೊಂದಿತು. ನಾನು ಹೇಳಿದ ಒಂದು ಶಬ್ದಕ್ಕೆ ರಾಯರು, ಅದು ತಕ್ಕಡಿಯ ತೂಕ, ಚೀಲ ತೂಗುತ್ತಿದ್ದಾರೆಂದು ತಿಳಿದು ರೈಲು ಡಬ್ಬಿ ಕಳಿಸುತ್ತಾರೆ ಎಂದರು. ಅವರು ಹೇಳಿದ ಶಬ್ದ ಕೋರ್ಟಿನಲ್ಲಿ ಜಡ್ಜ ಕೂತು ವಿಚಾರಿಸುವ ಹಾಗಿತ್ತು. ಇನ್ನೊಂದು, ಪುರಾಣ ಓದುವ ಹಾಗೆ. ರೇಗಿ ಹೋಗಿ ನಾನು ನೀಲಗಂಗವ್ವನಿಗೇ ಹೇಳಿದೆ, ಇಂಗ್ಲಿಷ್ ಹಾಳಾಗಲಿ, ನೀವು ಅವನ ಎದುರಿಗೆ ಕೂತಿದ್ದರೆ ಬಾಯಿಂದ ಏನನ್ನುತ್ತಿದ್ದಿರಿ, ಅದನ್ನು ಹೇಳಿ.

ಆಕೆ “ನೋಡೂಣಂತ” ಎಂದಳು. ಹೊಸ್ತಿಲಿನಿಂದ ಶಂಕ್ರಪ್ಪ ನಕ್ಕ. ಪೇಟೆಯಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ, ಅಷ್ಟೂ ತಿಳಿಯದೆ ಗಾದಿ ಮೇಲೆ ಕೂತಿದ್ದೀರಿ ಎಂಬುದು ಆ ನಗುವಿನಲ್ಲಿತ್ತು. ಆಕೆ ಅವನ ಕಡೆ ತಿರುಗಿದಳು. ಹಾಗಾದರೆ ನೀನು ಏನನ್ನುತ್ತಿ, ಕೊಡಲೂ ಮನಸ್ಸು ಪೂರ್ತಿ ಇಲ್ಲ, ಬಿಡಲೂ ಇಲ್ಲ ಎಂದಾಗ ಎಂದು ಕೇಳಿದಳು. ಶಂಕ್ರಪ್ಪ ತಬ್ಬಿಬ್ಬಾದ. ಅನ್ನುವುದೇನು? ಅವನು ಹದಿನೈದು ವರ್ಷದ ವ್ಯಾಪಾರದಲ್ಲಿ ಅದನ್ನು ಒಮ್ಮೆಯೂ ಬಾಯಿಂದ ಅಂದವನಲ್ಲ. ಅದು ಬೆರಳಿನಲ್ಲಿರತೈತಿ ಅತ್ತಿಗಿ, ಬಾಯಾಗ ಬರೂದಿಲ್ಲ ಎಂದ. ಅದಕ್ಕೇ ನಮ್ಮ ಪೇಟೆಗೆ ಕನ್ನಡದಲ್ಲೂ ಆ ವಾಕ್ಯ ಇರಲಿಲ್ಲ. ಇಲ್ಲದ ವಾಕ್ಯವನ್ನು ನಾವು ಬೆಳಗಿನಿಂದ ಇಂಗ್ಲಿಷ್ ಮಾಡುತ್ತ ಕೂತಿದ್ದೆವು.

“ಕಾಸೀಮಣ್ಣ, ಒಳಗ ಬಾ,” ಎಂದಳು ನೀಲಗಂಗವ್ವ. “ನೀ ಮುಂಬೈಯಂವಾ. ಶಂಕ್ರಪ್ಪ, ವಲ್ಲಿ ಹಾಕು.”

ಅವರಿಬ್ಬರೂ ಆಟವೆಂದುಕೊಂಡರು. ಒಂದು ರಾಶಿಯ ಪಕ್ಕ ಕುಕ್ಕರಿಸಿ ಕೂತರು. ಕೈ ಕೂಡಿದವು, ಮೇಲೆ ಬಟ್ಟೆ ಬಿತ್ತು. ಹೌದೂ ಅಲ್ಲ ಇಲ್ಲವೂ ಅಲ್ಲ ಎಂಬುದನ್ನು ಹೇಳು ಎಂದಳು ಆಕೆ. ಶಂಕ್ರಪ್ಪನ ಮುಖ ವ್ಯಾಪಾರದ ಮುಖವಾಯಿತು. ಕಣ್ಣು ಎಲ್ಲೋ ದೂರ ನೋಡಿತು. ಬಟ್ಟೆ ಸ್ವಲ್ಪ ಅಲುಗಿ ನಿಂತಿತು. ಆಗ ನೀಲಗಂಗವ್ವ ಗಾದಿಯಿಂದ ಎದ್ದು ಬಂದು ವಲ್ಲಿಯ ಚುಂಗು ಹಿಡಿದು ಎಳೆದು ಬಿಟ್ಟಳು.

ಬ್ಯಾಡಗಿಯವರಲ್ಲದವರಿಗೆ ಇದು ಏನೂ ಅನ್ನಿಸಲಿಕ್ಕಿಲ್ಲ. ಹೊರಗೆ ನಿಂತಿದ್ದ ಹಮಾಲರು ಮುಖ ಆ ಕಡೆ ತಿರುಗಿಸಿದರು, ನಡುಬೀದಿಯಲ್ಲಿ ಯಾರದೋ ಧೋತರ ಕಳಚಿ ಬಿದ್ದ ಹಾಗೆ. ಶಂಕ್ರಪ್ಪ ಕೈ ಎಳೆದುಕೊಳ್ಳಲೂ ಮರೆತ. ಅವನ ಅಂಗೈ ಮೇಲೆ ಮಾಡಿ ತೆರೆದಿತ್ತು. ಕಾಸೀಮಸಾಬನ ಬೆರಳುಗಳು ಅದರ ಮೇಲೆ ಇದ್ದವು. ಹಿಡಿದಿರಲಿಲ್ಲ, ಬಿಟ್ಟೂ ಇರಲಿಲ್ಲ. ನೀಲಗಂಗವ್ವ ಬಗ್ಗಿ ಅದನ್ನು ನೋಡಿದಳು. ಆಕೆ ಗಾದಿ ಹಿಡಿದು ಎಷ್ಟೋ ಸುಗ್ಗಿ ಕಳೆದಿದ್ದವು. ತನ್ನ ಅಂಗಡಿಯ ವ್ಯಾಪಾರವನ್ನು ಆಕೆ ಕಣ್ಣಿಂದ ಕಂಡದ್ದು ಅದೇ ಮೊದಲು.

“ಇಷ್ಟ?” ಅಂದಳು. “ಇಷ್ಟರ ಸಲುವಾಗಿ ನನ್ನ ಹೊರಗ ಕುಂದ್ರಿಸಿದ್ರೇನು?”

ಶಂಕ್ರಪ್ಪ ಎದ್ದ. ಇನ್ನು ಈ ಪೇಟೆಯಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಕೈ ಹಾಕಲಿ ಎಂದು, ವಲ್ಲಿ ಅಲ್ಲೇ ಬಿಟ್ಟು, ಸ್ಟೇಶನ್ನಿನ ಕಡೆ ನಡೆದ. ಯಾರೂ ತಡೆಯಲಿಲ್ಲ. ಚಹಾ ಕುಡಿದು ಮರಳುತ್ತಾನೆ, ಗೋದಾಮಿನ ಕೀಲಿ ಅವನ ಉಡಿದಾರದಲ್ಲಿದೆ ಎಂದಳು ಆಕೆ. ಮತ್ತೆ ಗಾದಿಯ ಮೇಲೆ ಕೂತು ನಮಗೆ ಹೇಳಿದಳು. ಕೈ ಚಾಚಿದ್ದೇವೆ, ಮುಚ್ಚಿಲ್ಲ, ಮೊದಲು ನಿಮ್ಮ ಬೆರಳು ಏನನ್ನುತ್ತದೆ ಹೇಳಿ. ಇದನ್ನು ಬರೆಯಿರಿ.

‘ವಿ ಆರ್ ಕನ್ಸಿಡರಿಂಗ್ ಯುವರ್ ಆಫರ್’ ಎಂದೆ ನಾನು. ನಿಮ್ಮ ಮಾತನ್ನು ನಾವು ಪರಿಶೀಲಿಸುತ್ತಿದ್ದೇವೆ. ಇಷ್ಟು ಸಾದಾ ಮಾತು ಬೆಳಗಿನಿಂದ ನನ್ನ ತಲೆಗೆ ಯಾಕೆ ಬರಲಿಲ್ಲವೋ. ಆದರೆ ರಾಯರು ಬರೆಯುವ ಮಸಿ ಟಾಕು ಕೆಳಗಿಟ್ಟರು. ಆ ಶಬ್ದ ಅವರಿಗೆ ಗೊತ್ತಿತ್ತು, ನನಗಿಂತ ಚೆನ್ನಾಗಿಯೇ ಗೊತ್ತಿತ್ತು. ಅವರು ಬರೆದ ಅರ್ಜಿಗಳಿಗೆಲ್ಲ ಕಚೇರಿಯಿಂದ ಬರುತ್ತಿದ್ದ ಉತ್ತರವೇ ಅದು. ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.

“ಅದು ಮ್ಯಾಲಿನವರ ಶಬ್ದ ಅದರೀ,” ಎಂದರು. “ಅವರು ನಮಗ ಬರೀತಾರ. ನಾವು ಅವರಿಗೆ ಬರಿಯೂ ಪದ್ಧತಿ ಇಲ್ಲ.”

ನನಗೆ ಡೆಸ್ಕನ್ನು ಎತ್ತಿ ಬೀದಿಗೆ ಒಗೆಯಬೇಕೆನ್ನಿಸಿತು. ನಾವು ಉಪ್ಪು ಮಾಡಿ ಬೆನ್ನು ಒಡೆಸಿಕೊಂಡದ್ದು ಯಾತಕ್ಕೆ, ಒಂದು ಶಬ್ದ ಮುಟ್ಟಲು ಈ ಮನುಷ್ಯ ಹೆದರುವುದಾದರೆ? ಭಾಷಣ ಶುರು ಮಾಡಿಯೇ ಬಿಡುತ್ತಿದ್ದೆ. ನೀಲಗಂಗವ್ವ ಕೈ ಎತ್ತಿ ನನ್ನನ್ನು ತಡೆದು ರಾಯರಿಗೆ ಹೇಳಿದಳು.

“ಯಾರ ಶಬ್ದರ ಇರ್ಲಿ. ಅವರಿಗೆ ಸಲ್ಲೂದು ನಮಗೂ ಸಲ್ಲತೈತಿ. ಬರೀರಿ ರಾಯರ.”

ಬರೆದರು. ಅದರ ಕೆಳಗೆ, ನಾವು ತೀರ್ಮಾನಿಸುವ ಮೊದಲು ದಯವಿಟ್ಟು ಈ ಮೂರು ಸಂಗತಿ ತಿಳಿಸಿ ಎಂದು ಸಾದಾ ಮಾತಿನಲ್ಲಿ. ದಯವಿಟ್ಟು ಎಂಬುದು ಬೇಡವೆಂದು ನಾನು ಹಟ ಹಿಡಿದೆ. ಇರಲಿ, ಬರ್ರಿ ಕುಂದ್ರಿ ಅನ್ನಾಕ ನಮಗೇನು ಖರ್ಚು ಎಂದು ಆಕೆ ಉಳಿಸಿಕೊಂಡಳು. ಮೂರು ಪ್ರಶ್ನೆ, ಪ್ರಶ್ನೆಗೊಂದು ಸಾಲು. ಕೊನೆಗೆ ವಿಧೇಯ ಸೇವಕಿ ಎಂದು ಬರೆಯಲು ಹೊರಟಿದ್ದ ರಾಯರ ಟಾಕನ್ನು ನಾನು ಹಿಡಿದುಕೊಂಡೆ. ಸಹಿಯನ್ನು ನೀಲಗಂಗವ್ವ ಕನ್ನಡದಲ್ಲಿ ಹಾಕಿದಳು. ಇಷ್ಟಕ್ಕೆ ಅರ್ಧ ಹಾಳೆಯೂ ತುಂಬಲಿಲ್ಲ. ಇಷ್ಟು ಚಿಕ್ಕ ಕಾಗದಕ್ಕೆ ಇಡೀ ಅಂಚೆ ಚೀಟಿ ಹಚ್ಚಬೇಕಲ್ಲ ಎಂದು ರಾಯರು ಮರುಗಿದರು.

ಉತ್ತರ ಬರುವವರೆಗಿನ ದಿನಗಳಲ್ಲಿ ಇನ್ನೊಂದು ರಗಳೆ ನಡೆಯಿತು. ಆ ಸಾದಾ ವಾಕ್ಯ ರಾಯರ ತಲೆಯೊಳಗೆ ಹೊಕ್ಕು ಬಿಟ್ಟಿತ್ತು. ನಮ್ಮೂರು ಕುಪ್ಪೇಲೂರಿನ ಒಬ್ಬ ರೈತನಿಗೆ ಕಂದಾಯ ಬಾಕಿಯ ನೋಟೀಸು ಬಂತು. ಅವನು ಬೇವಿನ ಮರದ ಬುಡಕ್ಕೆ ಹೋದ. ರಾಯರು ಅವನ ಪರವಾಗಿ ಕಚೇರಿಗೆ, ನಿಮ್ಮ ನೋಟೀಸನ್ನು ನಾವು ಪರಿಶೀಲಿಸುತ್ತಿದ್ದೇವೆ, ತೀರ್ಮಾನಿಸುವ ಮೊದಲು ದಯವಿಟ್ಟು ಮೂರು ಸಂಗತಿ ತಿಳಿಸಿ ಎಂದು ಬರೆದು ಕೊಟ್ಟರು. ರೈತನನ್ನು ಕಚೇರಿಗೆ ಕರೆಸಿ ಬಿಸಿಲಿನಲ್ಲಿ ನಿಲ್ಲಿಸಿದರು. ರಾಯರ ಡೆಸ್ಕನ್ನು ಮರದ ಬುಡದಿಂದ ಎಬ್ಬಿಸಿದರು. ಅವರು ನನ್ನ ಮನೆಗೆ ಬಂದು, ನಿಮ್ಮ ಸಾದಾ ಇಂಗ್ಲಿಷಿನಿಂದ ನನ್ನ ಅನ್ನ ಹೋಯಿತು ಎಂದು ಕೂತರು. ಕಾಯದೆ ಮುರಿಯಲು ಮೂವತ್ತೆರಡರಲ್ಲಿ ನಾವು ಊರೂರು ಅಲೆದು ಜನರನ್ನು ಬೇಡಿಕೊಂಡಿದ್ದೆವು. ಈ ಮನುಷ್ಯ ತಿಳಿಯದೆಯೇ ಒಂದು ಸತ್ಯಾಗ್ರಹ ಮಾಡಿ ಕೂತಿದ್ದ. ಅದನ್ನು ಹೇಳಿದರೆ ಹೆದರಿ ಸಾಯುತ್ತಾರೆಂದು ಹೇಳಲಿಲ್ಲ. ಕಚೇರಿಯ ಎದುರಿನ ಹೋಟೆಲಿನವನಿಗೆ ಹೇಳಿ ಅವನ ಕಟ್ಟೆಯ ಮೇಲೆ ಜಾಗ ಕೊಡಿಸಿದೆ. ಅಲ್ಲಿಂದ ಮತ್ತೆ ಪಾದ ಹಿಡಿಯುವ ಅರ್ಜಿಗಳನ್ನೇ ಬರೆದರು.

ಮುಂಬಯಿಯಿಂದ ಉತ್ತರ ಬಂತು. ಈ ಸಲದ ಕಾಗದಕ್ಕೆ ಬೇರೆ ದನಿ ಇತ್ತು. ದರವನ್ನು ಮೊದಲೇ ತಿಳಿಸುತ್ತೇವೆ, ಬೇರೆಯವರಿಗೆ ಮಾರಲು ಅಡ್ಡಿಯಿಲ್ಲ, ದಲಾಲಿಯೂ ರೂಢಿಯಷ್ಟೇ, ಉಳಿದ ಸಂಗತಿಯನ್ನು ಎದುರಾಎದುರು ಮಾತಾಡಲು ನಮ್ಮ ಮನುಷ್ಯ ಬರುತ್ತಾನೆ ಎಂದಿತ್ತು. ಉಳಿದ ಸಂಗತಿ ಎಂದರೆ ರೈಲಿನಲ್ಲಿ ಕೆಟ್ಟ ಮಾಲಿನ ಹಾನಿ.

ಬಂದವನು ಕರಿ ಟೊಪ್ಪಿಗೆಯ ಗುಜರಾತಿ. ಹಿಂದುಸ್ತಾನಿ ಚೆನ್ನಾಗಿ ಆಡುತ್ತಿದ್ದ. ಬ್ಯಾಡಗಿಯ ಪದ್ಧತಿ ತಿಳಿದುಕೊಂಡೇ ಬಂದಿದ್ದ. ಅಂಗಡಿ ಹೊಕ್ಕವನೇ ಕೋಟಿನ ತೋಳು ಮೇಲಕ್ಕೆ ಸರಿಸಿ, ಶಂಕ್ರಪ್ಪನ ಎದುರು ಕುಕ್ಕರಿಸಿ, ಕೈ ಚಾಚಿದ. ಶಂಕ್ರಪ್ಪ ಆ ಸಂಜೆಯೇ ಮರಳಿ ಬಂದಿದ್ದ, ಆದರೆ ಅಂದಿನಿಂದ ಮುಖ ಗಂಟು ಹಾಕಿಕೊಂಡೇ ಇದ್ದ. ಈಗ ಅವನ ಮುಖ ಅರಳಿತು. ವಲ್ಲಿ ಕೊಡವಿದ. ಒಂದು ಗಳಿಗೆ ತಡವಾಗಿದ್ದರೂ ಎಲ್ಲ ಆ ಬಟ್ಟೆಯ ಕೆಳಗೆ ಹೋಗುತ್ತಿತ್ತು. ಕಾಗದ, ಉತ್ತರ, ಆಕೆಯ ಹೆಸರು, ಎಲ್ಲ.

ನೀಲಗಂಗವ್ವ ಗಾದಿಯಿಂದಲೇ ಮಾತಾಡಿದಳು. ಅವಳ ಹಿಂದುಸ್ತಾನಿ ಹಮಾಲರಿಂದ ಕಲಿತದ್ದು. ನಿಮಗೆ ಕಾಗದ ಬರೆದವಳು ನಾನು, ಈ ಕಡೆ ತಿರುಗಿ ಕೂಡಿರಿ, ಬಾಯಿಂದ ಮಾತಾಡೋಣ ಎಂದಳು. ಆ ಮನುಷ್ಯ ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ತಿರುಗಿ ಕೂತ. ಶಂಕ್ರಪ್ಪನ ಕೈಯಲ್ಲಿ ವಲ್ಲಿ ಹಾಗೇ ಉಳಿಯಿತು.

ಅರ್ಧ ಹಗಲು ಮಾತಾಡಿದರು. ಬೀದಿಯ ಜನವೆಲ್ಲ ಕಟ್ಟೆಗೆ ಬಂದು ಕೇಳಿತು. ದರವನ್ನು ಬಾಯಿಬಿಟ್ಟು ಆಡುವುದನ್ನು ಕೇಳಿ ಮುದುಕ ವ್ಯಾಪಾರಿಗಳು ಕಿವಿ ಮುಚ್ಚಿಕೊಳ್ಳುವಷ್ಟು ನಾಚಿದರು, ಆದರೆ ಒಬ್ಬನೂ ಎದ್ದು ಹೋಗಲಿಲ್ಲ. ಗುಜರಾತಿ ಎಲ್ಲದಕ್ಕೂ ಬಗ್ಗಿದ. ಕೆಟ್ಟ ಮಾಲಿನ ಹಾನಿಗೆ ಮಾತ್ರ ಬಗ್ಗಲಿಲ್ಲ. ಗೋದಾಮು ಬಿಟ್ಟ ಮೇಲೆ ಏನಾದರೂ ಅದು ಅಂಗಡಿಯ ಪಾಲು, ಕಂಪನಿಯ ಕಾನೂನೇ ಹಾಗೆ ಎಂದ. ಅರ್ಧರ್ಧ ಹಂಚಿಕೊಳ್ಳೋಣ ಎಂದಳು ಆಕೆ. ಆಗದು ಎಂದ. ಶಂಕ್ರಪ್ಪ ಹಿಂದಿನಿಂದ, ಒಪ್ಪಿಬಿಡಿ ಅತ್ತಿಗಿ ಎಂದು ಪಿಸುಗುಟ್ಟುತ್ತಿದ್ದ. ನನ್ನ ಮನಸ್ಸೂ ಒಪ್ಪಿಬಿಡಲಿ ಎಂದೇ ಅನ್ನುತ್ತಿತ್ತು. ಇಷ್ಟು ದೂರ ಎಳೆದು ತಂದದ್ದು ಇದಕ್ಕೇ ಅಲ್ಲವೆ?

“ಇಲ್ರಿ,” ಎಂದಳು ಕನ್ನಡದಲ್ಲೇ. “ನಮಗ ಹೊಂದೂದಿಲ್ಲ. ಊಟ ಮಾಡಿ ಹೋಗ್ರಿ.”

ಅವನು ಊಟ ಮಾಡಿಯೇ ಹೋದ. ಎದ್ದವನು ನೇರ ಎದುರಂಗಡಿಗೆ ಹೋಗಿ, ಅಲ್ಲಿ ವಲ್ಲಿಯ ಕೆಳಗೆ ಕೈ ಹಾಕಿ, ಎಲೆಯಡಿಕೆ ಹಾಕಿಕೊಳ್ಳುವುದರೊಳಗೆ ಮುಗಿಸಿಕೊಂಡ.

ನಾನು ತಡೆಯಲಾಗದೆ ಕೇಳಿದೆ. ಇಲ್ಲ ಅನ್ನುವುದೇ ಆಗಿದ್ದರೆ ಮೊದಲ ದಿನವೇ ಅಂದು ಬಿಡಬಹುದಿತ್ತಲ್ಲ, ನನ್ನ ಒಂದು ಹಗಲು ಉಳಿಯುತ್ತಿತ್ತು, ರಾಯರ ಬೇವಿನ ಮರವೂ ಉಳಿಯುತ್ತಿತ್ತು. ಆಕೆ ಚೀಲದ ಬಾಯಿ ಹೊಲಿಸುತ್ತಿದ್ದಳು. ಮೊದಲ ದಿನ ನನಗೆ ಹಾನಿ ಯಾರದೆಂದು ಗೊತ್ತಿರಲಿಲ್ಲ, ಇಂದು ಗೊತ್ತಾಯಿತು, ಇದರಲ್ಲಿ ಸಿಟ್ಟಾಗುವುದೇನಿದೆ ಎಂದಳು. ಆಮೇಲೆ, ನಿಮ್ಮ ಖಾದಿ ಗಂಟು ಗೋದಾಮಿನಲ್ಲಿದೆ, ತಗೊಂಡು ಹೋಗಿ, ಜಾಗ ಬೇಕಾಗಿದೆ ಎಂದಳು.

ಎದುರಂಗಡಿಯವರು ಆ ಕಂಪನಿಯ ಕೆಲಸದಲ್ಲಿ ಮುಳುಗಿ ಹೋದರು ಎಂದು ಬರೆದರೆ ಓದುವವರಿಗೆ ಹಿತವಾದೀತು. ಮುಳುಗಲಿಲ್ಲ. ಎರಡು ಸುಗ್ಗಿ ಮಳೆ ದೂರ ಇತ್ತು, ರೈಲಿನಲ್ಲಿ ಒಂದು ಚೀಲವೂ ಕೆಡಲಿಲ್ಲ, ಅವರು ಮನೆಯ ಮೇಲೆ ಮಾಳಿಗೆ ಕಟ್ಟಿಸಿದರು. ಶಂಕ್ರಪ್ಪ ಅದನ್ನು ದಿನಾ ಆಕೆಗೆ ತೋರಿಸುತ್ತಿದ್ದ. ಆದರೆ ಅವನೇ ಈಗ ರಾಶಿಯ ಹತ್ತಿರ ಕೈ ಹಾಕುವ ಮೊದಲು ಒಳಗೆ ಬಂದು, ಎಷ್ಟಕ್ಕೆ ಬಿಡಲಿ ಎಂದು ಬಾಯಿಬಿಟ್ಟು ಕೇಳುತ್ತಿದ್ದ. ಎಲ್ಲರೂ ಕೇಳುವ ಹಾಗೆ ಆಕೆ ಹೇಳುತ್ತಿದ್ದಳು. ಅಷ್ಟಕ್ಕಿಂತ ಕೆಳಗೆ ಅವನ ಬೆರಳು ಇಳಿಯುವ ಹಾಗಿರಲಿಲ್ಲ, ಇಳಿದರೆ ಸುತ್ತ ನಿಂತು ಕೇಳಿದ ರೈತರು ಹಣ ಎಣಿಸಿಕೊಳ್ಳುವಾಗ ಬಿಡುತ್ತಿರಲಿಲ್ಲ.

ನಲವತ್ತರಲ್ಲಿ ಜೈಲಿಗೆ ಹೋಗುವ ಮುಂಚೆ ನಾನೊಮ್ಮೆ ಅವಳ ಕಟ್ಟೆಯ ಮೇಲೆ ಕೂತು ಎದುರಿನ ಮಾಳಿಗೆ ನೋಡುತ್ತ, ಇದನ್ನು ಕಂಡು ಸಂಕಟವಾಗುವುದಿಲ್ಲವೆ ಎಂದು ಕೇಳಿದೆ.

“ಆಗತೈತಿ,” ಎಂದಳು. “ಛಲೋ ಕಟ್ಟ್ಯಾರ. ನಾಳಿ ಆ ಮುಂಬೈ ಮನಿಶ್ಯಾ ಬಂದು ಅದ ಮಾತು ಕೇಳಿದ್ರೂ ಮತ್ತ ಬ್ಯಾಡ ಅಂತೇನಿ.”